ಸಂಸದೀಯ ಪಟು ಪಂಡಿತ ಹೃದಯನಾಥ ಕುಂಜ್ರು

1955ರ ಸೆಪ್ಟೆಂಬರ್ 30ರಂದು ಮೂವರು ಹಿರಿಯರು ಭಾರತ ಸರ್ಕಾರಕ್ಕೆ ಒಂದು ವರದಿಯನ್ನು ಒಪ್ಪಿಸಿದರು. ಅದೇ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ. ಅದನ್ನು ಆಧರಿಸಿ ರೂಪಿಸಿದ ಕಾಯಿದೆಯಂತೆ 1956ರ ನವೆಂಬರ್ 1ರಂದು ಭಾರತದ ರಾಜ್ಯಗಳ ಭೂಪಟ ಬದಲಾಯಿತು. ಚದುರಿಹೋಗಿದ್ದ ಕನ್ನಡ ನಾಡಿನ ಬಹುಭಾಗ ಒಂದಾಯಿತು. ಆದರೆ ಗಡಿಯಂಚಿನ ಕನ್ನಡ ಮನೆತನಗಳ ಪಾಲಿಗೆ ಅದು ಅರೆಸಂತೋಷದ ದಿನವಾಗಿತ್ತು. ಆದವಾನಿ, ರಾಯದುರ್ಗಗಳವರು 1953ರಲ್ಲಿಯೇ ಆಂಧ್ರಕ್ಕೆ ಸೇರಿದ್ದರು. ಕಾಸರಗೋಡು, ವಯನಾಡುಗಳವರು 1956ರಲ್ಲಿ ಕೇರಳದವರಾದರು. ಹೊಸೂರು, ತಾಳವಾಡಿಗಳವರು ಮದ್ರಾಸ್ ರಾಜ್ಯದಲ್ಲಿಯೇ ಉಳಿದರು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳವರು 1960ರಲ್ಲಿ ಮಹಾರಾಷ್ಟ್ರದ ಪ್ರಜೆಗಳಾದರು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಬೇರೊಂದು ಭಾಷೆ, ಬಸದಿಯಲ್ಲಿ ಪ್ರಾಕೃತ ಮತ್ತು ಸಂಸ್ಕೃತ ಎಂಬ ಬಾಳು ಈ ಕಡೆಗಳ ಜೈನ ಕುಟುಂಬಗಳಿಗೆ ಚಿರಪರಿಚಿತವಾದುದು.

ಆ ವರದಿಗೆ ಸಹಿ ಮಾಡಿದ ಮೂವರಲ್ಲಿ ಅಧ್ಯಕ್ಷರಾದ ಸಯ್ಯದ್ ಫಜಲ್ ಅಲಿಯವರ ಹೆಸರು ಆಯೋಗದೊಂದಿಗೆ ಬೆಸೆದುಕೊಂಡಿದೆ. ಸರ್ದಾರ್ ಕೆ. ಎಂ. ಪಣಿಕ್ಕರ್ ಅವರು ಇತಿಹಾಸಕಾರರಾಗಿ, ರಾಯಭಾರಿಯಾಗಿ ಪ್ರಸಿದ್ಧರು. ಮೂರನೆಯವರಾದ ಪಂಡಿತ ಹೃದಯನಾಥ ಕುಂಜ್ರು ಅವರು ತಮ್ಮ ಕಾಲದಲ್ಲಿ ದೇಶವೆಲ್ಲ ಬಲ್ಲ ಸಂಸದರಾಗಿದ್ದರೂ ಇಂದು ಹೆಚ್ಚು ನೆನಪಿನಲ್ಲಿಲ್ಲ. ನಾಲ್ಕು ದಶಕಗಳ ಅವಧಿಯಲ್ಲಿ ಹಲವು ಶಾಸನ ಸಭೆಗಳಲ್ಲಿ ಕುಳಿತಿದ್ದ ಅವರು ಒಮ್ಮೆಯೂ ಸಚಿವರಾಗಲಿಲ್ಲ. ಸ್ವತಂತ್ರ ಭಾರತದಲ್ಲಿ ಯಾವ ಪಕ್ಷವನ್ನೂ ಸೇರಲಿಲ್ಲ. ಆದರೂ ಅವರು ಎದ್ದು ನಿಂತರೆ ಪ್ರಧಾನಿಯೂ ಗಮನವಿಟ್ಟು ಕೇಳಬೇಕಾಗುತ್ತಿತ್ತು. ಅಧಿಕಾರವನ್ನು ಕೊಡುವ ಪ್ರತಿಯೊಂದು ಪ್ರಸ್ತಾಪದ ಮುಂದೆಯೂ ಅವರು ಎತ್ತುತ್ತಿದ್ದ ಪ್ರಶ್ನೆ ಬಹುಮಟ್ಟಿಗೆ ಒಂದೇ ಆಗಿತ್ತು: ಈ ಅಧಿಕಾರ ನಾಳೆ ಇನ್ನೊಬ್ಬರ ಕೈಗೆ ಹೋದಾಗ, ಸಂಖ್ಯೆಯಲ್ಲಿ ಕಡಿಮೆಯಿರುವವರ ಗತಿಯೇನು?

ಮನೆತನ ಮತ್ತು ವ್ರತ

ಕುಂಜ್ರು ಅವರು 1887ರ ಅಕ್ಟೋಬರ್ 1ರಂದು ಕಾಶ್ಮೀರಿ ಪಂಡಿತ ಮನೆತನವೊಂದರಲ್ಲಿ ಜನಿಸಿದರು. ಆ ಮನೆತನ ಕಾಶ್ಮೀರವನ್ನು ಬಿಟ್ಟು ಬಯಲುನಾಡಿಗೆ ಬಂದು ನೆಲೆಸಿದ್ದಿತು. ತಂದೆ ಪಂಡಿತ ಅಯೋಧ್ಯಾನಾಥರು ಅಲಹಾಬಾದಿನ ಹೆಸರಾಂತ ವಕೀಲರು ಮತ್ತು ಕಾಂಗ್ರೆಸ್ಸಿನ ಮೊದಲ ತಲೆಮಾರಿನ ನಾಯಕರು. 1888ರ ಅಲಹಾಬಾದ್ ಕಾಂಗ್ರೆಸ್ ಅಧಿವೇಶನದ ಸ್ವಾಗತ ಸಮಿತಿಗೆ ಅವರೇ ಅಧ್ಯಕ್ಷರಾಗಿದ್ದರು. 1892ರಲ್ಲಿ ಅವರು ತೀರಿಕೊಂಡಾಗ ಮಗನಿಗೆ ಇನ್ನೂ ಐದು ವರ್ಷ ತುಂಬಿರಲಿಲ್ಲ.

ವಕೀಲಿ ವೃತ್ತಿಯೂ ಸಂಪತ್ತೂ ಕೈಗೆಟಕುವಂತಿದ್ದ ಮನೆಯ ಈ ಯುವಕ 1909ರಲ್ಲಿ ಬೇರೆ ದಾರಿಯನ್ನು ಹಿಡಿದರು. ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ್ದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯನ್ನು ಸೇರಿದರು. ಆ ಸಂಸ್ಥೆಯ ಸದಸ್ಯರು ಕೆಲವು ವ್ರತಗಳನ್ನು ಕೈಗೊಳ್ಳಬೇಕಾಗಿತ್ತು. ತನಗಾಗಿ ಹಣ ಗಳಿಸಬಾರದು, ಸಂಸ್ಥೆ ಕೊಡುವ ಅಲ್ಪ ವೇತನದಲ್ಲಿ ತೃಪ್ತಿಯಿಂದ ಬಾಳಬೇಕು, ಯಾರೊಡನೆಯೂ ವೈಯಕ್ತಿಕ ಜಗಳಕ್ಕೆ ಇಳಿಯಬಾರದು, ಜಾತಿ ಮತಗಳ ಭೇದವೆಣಿಸದೆ ಎಲ್ಲರ ಹಿತಕ್ಕಾಗಿ ದುಡಿಯಬೇಕು ಎಂಬುವು ಅವುಗಳಲ್ಲಿ ಮುಖ್ಯವಾದವು. ಇಪ್ಪತ್ತೆರಡರ ಹರೆಯದಲ್ಲಿ ಸೇರಿದ ಆ ಸಂಸ್ಥೆಗೆ ಅವರು 1936ರಲ್ಲಿ ಅಧ್ಯಕ್ಷರಾದರು. ತೊಂಬತ್ತರ ವಯಸ್ಸಿನಲ್ಲಿ ಕಣ್ಮುಚ್ಚುವವರೆಗೂ ಆ ಹೊಣೆಯನ್ನು ಬಿಡಲಿಲ್ಲ.

ಅವರು ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್‌ನಲ್ಲಿಯೂ ವ್ಯಾಸಂಗ ಮಾಡಿದರು. ಮರಳಿ ಬಂದ ಮೇಲೆ ಅಲಹಾಬಾದಿನ ಸೇವಾ ಸಮಿತಿಯ ಕೆಲಸದಲ್ಲಿ ತೊಡಗಿದರು. ಬ್ರಿಟಿಷರ ಸ್ಕೌಟ್ ಸಂಸ್ಥೆ ಭಾರತೀಯ ಬಾಲಕರನ್ನು ಸೇರಿಸಿಕೊಳ್ಳಲು ಹಿಂಜರಿಯುತ್ತಿದ್ದ ಕಾಲದಲ್ಲಿ ಮದನಮೋಹನ ಮಾಳವೀಯರು ಮತ್ತು ಶ್ರೀರಾಮ ಬಾಜಪೇಯಿಯವರೊಡಗೂಡಿ ಸೇವಾ ಸಮಿತಿ ಸ್ಕೌಟ್ ಸಂಸ್ಥೆಯನ್ನು ಕಟ್ಟಿದರು. 1950ರ ನವೆಂಬರ್ 7ರಂದು ದೇಶದ ಸ್ಕೌಟ್ ಸಂಸ್ಥೆಗಳೆಲ್ಲ ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಹುಟ್ಟಿದಾಗ ಅದರ ಮೊದಲ ರಾಷ್ಟ್ರೀಯ ಆಯುಕ್ತರಾದರು.

ಶಾಸನ ಸಭೆಗಳಲ್ಲಿ ಪಳಗಿದ ಮಾತು

ಕುಂಜ್ರು ಅವರು ಗಾಂಧೀಜಿಯವರ ಕಾಂಗ್ರೆಸ್ಸಿನಲ್ಲಿ ಉಳಿಯದೆ ಲಿಬರಲ್ ಪಕ್ಷದ ದಾರಿಯಲ್ಲಿ ನಡೆದರು. ಸತ್ಯಾಗ್ರಹ ಮತ್ತು ಸೆರೆಮನೆಗಳ ಆ ಕಾಲದಲ್ಲಿ ಈ ಪಕ್ಷದವರನ್ನು ಸೌಮ್ಯವಾದಿಗಳೆಂದು ಜನ ಹಗುರವಾಗಿ ಕಾಣುತ್ತಿದ್ದುದುಂಟು. ಆದರೆ ಶಾಸನ ಸಭೆಯೊಳಗೆ ಕುಳಿತು ಸರ್ಕಾರದ ಲೆಕ್ಕಪತ್ರಗಳನ್ನು ಒಂದೊಂದಾಗಿ ಬಿಡಿಸಿ ಪ್ರಶ್ನಿಸುವ ಕೆಲಸವನ್ನು ಇವರಂತೆ ಶ್ರದ್ಧೆಯಿಂದ ಮಾಡಿದವರು ವಿರಳ. ಮೊದಲು ಸಂಯುಕ್ತ ಪ್ರಾಂತದ ವಿಧಾನ ಪರಿಷತ್ತಿನಲ್ಲಿ, ಬಳಿಕ ಕೇಂದ್ರ ಶಾಸನ ಸಭೆಯಲ್ಲಿ, ಆ ಮೇಲೆ ಕೌನ್ಸಿಲ್ ಆಫ್ ಸ್ಟೇಟ್‌ನಲ್ಲಿ ಅವರು ಕೆಲಸ ಮಾಡಿದರು.

ಸೈನ್ಯದ ಭಾರತೀಕರಣ ಅವರ ಮುಖ್ಯ ಕಾಳಜಿಗಳಲ್ಲಿ ಒಂದು. ತನ್ನ ಸೈನ್ಯವನ್ನು ತಾನೇ ಮುನ್ನಡೆಸಲಾರದ ದೇಶಕ್ಕೆ ಸ್ವರಾಜ್ಯ ದೊರೆತರೂ ಅದು ನಿಲ್ಲಲಾರದು ಎಂಬುದು ಅವರ ನಿಲುವಾಗಿತ್ತು. ಭಾರತೀಯ ಯುವಕರಿಗೆ ಅಧಿಕಾರಿಗಳ ಹುದ್ದೆ ಮತ್ತು ತರಬೇತಿ ಬೇಕೆಂದು ಅವರು ಬಿಡದೆ ಒತ್ತಾಯಿಸಿದರು. 1946ರಲ್ಲಿ ವಿದ್ಯಾರ್ಥಿಗಳ ಸೈನಿಕ ತರಬೇತಿಯ ಬಗ್ಗೆ ಸರ್ಕಾರ ಸಮಿತಿಯೊಂದನ್ನು ರಚಿಸಿದಾಗ ಅದರ ಅಧ್ಯಕ್ಷತೆ ಅವರಿಗೆ ಬಂದುದು ಸಹಜವೇ. ಕುಂಜ್ರು ಸಮಿತಿಯ ಶಿಫಾರಸಿನ ಮೇರೆಗೆ 1948ರಲ್ಲಿ ಕಾಯಿದೆಯಾಗಿ, ಅದೇ ವರ್ಷ ಜುಲೈ 15ರಂದು ನ್ಯಾಷನಲ್ ಕೆಡೆಟ್ ಕೋರ್ ಆರಂಭವಾಯಿತು. ಎನ್‌ಸಿಸಿಯ ಖಾಕಿ ತೊಟ್ಟು ಶಾಲಾ ಮೈದಾನದಲ್ಲಿ ಕವಾಯತು ಮಾಡಿದ ಲಕ್ಷಾಂತರ ಹುಡುಗ ಹುಡುಗಿಯರಿಗೆ ಈ ಹಿರಿಯರ ಹೆಸರು ತಿಳಿದಿರಲಾರದು.

ಸಂವಿಧಾನ ಸಭೆಯಲ್ಲಿ ಕೇಳಿದ ಪ್ರಶ್ನೆಗಳು

ಸಂವಿಧಾನ ಸಭೆಗೆ ಕಾಂಗ್ರೆಸ್ಸಿನವರಲ್ಲದ ಕೆಲವು ಅನುಭವಿಗಳೂ ಬರಬೇಕೆಂದು ಕಾಂಗ್ರೆಸ್ಸೇ ಬಯಸಿದ್ದರಿಂದ ಕುಂಜ್ರು ಅವರು ಸಂಯುಕ್ತ ಪ್ರಾಂತದಿಂದ ಆಯ್ಕೆಯಾಗಿ ಬಂದರು. ಉಪಕಾರಕ್ಕೆ ಪ್ರತಿಯಾಗಿ ಮೌನವಾಗಿರುವುದು ಅವರ ಸ್ವಭಾವದಲ್ಲಿರಲಿಲ್ಲ.

1949ರ ಜೂನ್‌ನಲ್ಲಿ ಚುನಾವಣಾ ಆಯೋಗದ ವಿಧಿ ಚರ್ಚೆಗೆ ಬಂತು. ಆಯುಕ್ತರನ್ನು ರಾಷ್ಟ್ರಪತಿಗಳು ನೇಮಿಸುವರೆಂದರೆ ವಾಸ್ತವದಲ್ಲಿ ಪ್ರಧಾನಿಯ ಸಲಹೆಯಂತೆ ನೇಮಿಸುವರೆಂದೇ ಅರ್ಥವೆಂದು ಅವರು ಎತ್ತಿ ತೋರಿಸಿದರು. ಮುಖ್ಯ ಆಯುಕ್ತರಿಗಿರುವ ರಕ್ಷಣೆ ಇತರ ಆಯುಕ್ತರಿಗೆ ಇಲ್ಲದಿರುವುದೂ ಅವರ ಆಕ್ಷೇಪವಾಗಿತ್ತು. ಚುನಾವಣೆಯನ್ನು ನಡೆಸುವವರ ನಿಷ್ಪಕ್ಷಪಾತದಲ್ಲಿ ಜನಕ್ಕೆ ನಂಬಿಕೆ ಹೋದರೆ ಪ್ರಜಾಪ್ರಭುತ್ವದ ಬೇರೇ ಒಣಗುವುದೆಂದು ಅವರು ಸಭೆಯನ್ನು ಎಚ್ಚರಿಸಿದರು. ಸಭೆ ಅವರ ಮಾತನ್ನು ಪೂರ್ತಿಯಾಗಿ ಒಪ್ಪಲಿಲ್ಲ. ನೇಮಕದ ವಿಧಾನವನ್ನು ಮುಂದಿನ ಸಂಸತ್ತು ಕಾನೂನು ಮಾಡಿ ನಿರ್ಧರಿಸಲೆಂದು ಬಿಟ್ಟಿತು. ಎಪ್ಪತ್ತಕ್ಕೂ ಹೆಚ್ಚು ವರ್ಷ ಅಂಥ ಕಾನೂನೇ ಬರಲಿಲ್ಲ. 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1949ರ ಆ ಚರ್ಚೆಯನ್ನು ವಿವರವಾಗಿ ಪರಿಶೀಲಿಸಿ, ಕಾನೂನು ಆಗುವವರೆಗೆ ಪ್ರಧಾನಿ, ಲೋಕಸಭೆಯ ವಿರೋಧ ಪಕ್ಷದ ನಾಯಕ ಮತ್ತು ಮುಖ್ಯ ನ್ಯಾಯಮೂರ್ತಿಗಳ ಸಮಿತಿಯ ಸಲಹೆಯಂತೆ ನೇಮಕವಾಗಬೇಕೆಂದು ತೀರ್ಪಿತ್ತಿತು. ಅದೇ ವರ್ಷದ ಕೊನೆಗೆ ಬಂದ ಕಾಯಿದೆ ಮುಖ್ಯ ನ್ಯಾಯಮೂರ್ತಿಗಳ ಸ್ಥಾನದಲ್ಲಿ ಪ್ರಧಾನಿ ಹೆಸರಿಸುವ ಕೇಂದ್ರ ಸಚಿವರನ್ನು ಇರಿಸಿತು. ಕುಂಜ್ರು ಅವರು ಎತ್ತಿದ ಪ್ರಶ್ನೆ ಹೀಗೆ ಇನ್ನೂ ಹಳೆಯದಾಗಿಲ್ಲ.

ಅದೇ 1949ರ ಆಗಸ್ಟ್‌ನಲ್ಲಿ ಪ್ರಾಂತಗಳ ಆಡಳಿತವನ್ನು ಕೇಂದ್ರವು ವಹಿಸಿಕೊಳ್ಳಬಹುದಾದ ವಿಧಿ ಬಂತು. ಇಂದು ಅದು 356ನೇ ವಿಧಿ. ಪ್ರಾಂತದಲ್ಲಿ ಒಳ್ಳೆಯ ಆಡಳಿತವಿಲ್ಲವೆಂಬ ಕಾರಣಕ್ಕಾಗಿ ಕೇಂದ್ರ ಕೈಹಾಕುವುದು ಇದರ ಉದ್ದೇಶವೇ ಎಂದು ಕುಂಜ್ರು ಅವರು ಡಾ. ಅಂಬೇಡ್ಕರ್ ಅವರನ್ನು ನೇರವಾಗಿ ಕೇಳಿದರು. ಅಂಬೇಡ್ಕರ್ ಅವರು ಹಾಗಲ್ಲವೆಂದು ಸ್ಪಷ್ಟವಾಗಿ ಉತ್ತರಿಸಿದರು. ಸಂವಿಧಾನದಂತೆ ಆಡಳಿತ ನಡೆಯುತ್ತಿದೆಯೇ ಎಂಬುದಷ್ಟೇ ಪ್ರಶ್ನೆ, ಆಡಳಿತ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ತೀರ್ಮಾನಿಸುವುದು ಕೇಂದ್ರದ ಕೆಲಸವಲ್ಲ ಎಂಬುದು ಆ ಉತ್ತರದ ಸಾರ. ಒಂದು ಪ್ರಶ್ನೆ ಮತ್ತು ಅದಕ್ಕೆ ಬಂದ ಒಂದು ಉತ್ತರ ಸಭೆಯ ದಾಖಲೆಯಲ್ಲಿ ಉಳಿದವು. ಮುಂದಿನ ದಶಕಗಳಲ್ಲಿ ಎಷ್ಟೋ ರಾಜ್ಯ ಸರ್ಕಾರಗಳು ಈ ವಿಧಿಯಡಿ ವಜಾಗೊಂಡವು. 1989ರ ಏಪ್ರಿಲ್‌ನಲ್ಲಿ ಕರ್ನಾಟಕದ ಎಸ್. ಆರ್. ಬೊಮ್ಮಾಯಿಯವರ ಸರ್ಕಾರವೂ ವಜಾಗೊಂಡಿತು. ಬೊಮ್ಮಾಯಿಯವರ ಪ್ರಕರಣದಲ್ಲಿ 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಈ ಅಧಿಕಾರಕ್ಕೆ ಕಡಿವಾಣ ಹಾಕಿತು. ಸರ್ಕಾರಕ್ಕೆ ಬಹುಮತವಿದೆಯೇ ಎಂಬುದು ಸದನದಲ್ಲಿಯೇ ತೀರ್ಮಾನವಾಗಬೇಕೆಂದೂ, ಕೇಂದ್ರದ ಕ್ರಮ ನ್ಯಾಯಾಲಯದ ಪರಿಶೀಲನೆಗೆ ಒಳಪಟ್ಟಿದೆಯೆಂದೂ ಸಾರಿತು. ಕುಂಜ್ರು ಅವರು ಅಂದು ಶಂಕಿಸಿದ ಅಪಾಯಕ್ಕೆ ನಲವತ್ತೈದು ವರ್ಷಗಳ ಬಳಿಕ ದೊರೆತ ಪರಿಹಾರ ಅದು.

1951ರ ತಿದ್ದುಪಡಿ

ಸಂವಿಧಾನ ಜಾರಿಗೆ ಬಂದು ಒಂದೂವರೆ ವರ್ಷ ತುಂಬುವ ಮೊದಲೇ ಅದಕ್ಕೆ ಮೊದಲ ತಿದ್ದುಪಡಿ ಬಂತು. ಭೂಸುಧಾರಣೆಯ ಕಾಯಿದೆಗಳನ್ನು ರಕ್ಷಿಸುವುದರ ಜೊತೆಗೆ ವಾಕ್ ಸ್ವಾತಂತ್ರ್ಯದ ಮೇಲೆ ಹೆಚ್ಚಿನ ನಿರ್ಬಂಧಗಳಿಗೆ ಅದು ಅವಕಾಶ ಕೊಡುತ್ತಿತ್ತು. ತಾತ್ಕಾಲಿಕ ಸಂಸತ್ತಿನ ಸೆಲೆಕ್ಟ್ ಕಮಿಟಿಯಲ್ಲಿ ಭಿನ್ನಮತ ದಾಖಲಿಸಿದವರಲ್ಲಿ ಶ್ಯಾಮಾಪ್ರಸಾದ ಮುಖರ್ಜಿ, ಕೆ. ಟಿ. ಶಾ, ಸರ್ದಾರ್ ಹುಕುಂ ಸಿಂಗ್ ಮೊದಲಾದವರೊಂದಿಗೆ ಕುಂಜ್ರು ಅವರೂ ಇದ್ದರು. ಇನ್ನೂ ಸಾರ್ವತ್ರಿಕ ಚುನಾವಣೆಯನ್ನೇ ಕಾಣದ ಸಂಸತ್ತು ಜನರ ಮೂಲಭೂತ ಹಕ್ಕುಗಳನ್ನು ಇಷ್ಟು ಆತುರದಿಂದ ಮುಟ್ಟಬಾರದೆಂದು ವಿರೋಧಿಸಿದವರು ವಾದಿಸಿದರು. ನಿರ್ಬಂಧಗಳು ಸಮಂಜಸವಾಗಿರಬೇಕೆಂಬ ಅರ್ಥದ ಒಂದು ಪದ ಕಮಿಟಿಯ ಹಂತದಲ್ಲಿ ಮಸೂದೆಗೆ ಸೇರಿತು. ಆ ಒಂದು ಪದದಿಂದಾಗಿಯೇ ಇಂದಿಗೂ ನ್ಯಾಯಾಲಯಗಳು ಇಂಥ ನಿರ್ಬಂಧಗಳನ್ನು ಒರೆಗೆ ಹಚ್ಚಲು ಸಾಧ್ಯವಾಗಿದೆ. ಕೊನೆಗೆ ಮಸೂದೆ 20ಕ್ಕೆ ಎದುರಾಗಿ 228 ಮತಗಳಿಂದ ಅಂಗೀಕಾರವಾಯಿತು. ಸೋಲುವುದು ಖಚಿತವೆಂದು ತಿಳಿದೂ ಆಕ್ಷೇಪವನ್ನು ದಾಖಲೆಗೆ ಸೇರಿಸುವುದು ಸಂಸದನ ಕರ್ತವ್ಯವೆಂದು ಕುಂಜ್ರು ಅವರು ತಿಳಿದಿದ್ದರು.

ವಿದೇಶಾಂಗ ನೀತಿಯ ಗುರು

ದೇಶ ಇನ್ನೂ ಪರಾಧೀನವಾಗಿದ್ದ 1943ರಲ್ಲಿಯೇ ಸರ್ ತೇಜ್ ಬಹಾದ್ದೂರ್ ಸಪ್ರು ಅವರೊಡನೆ ಸೇರಿ ಕುಂಜ್ರು ಅವರು ದೆಹಲಿಯಲ್ಲಿ ಇಂಡಿಯನ್ ಕೌನ್ಸಿಲ್ ಆಫ್ ವರ್ಲ್ಡ್ ಅಫೇರ್ಸ್ ಎಂಬ ಸಂಸ್ಥೆಯನ್ನು ಕಟ್ಟಿದರು. ನಾಳೆ ಸ್ವತಂತ್ರವಾಗುವ ದೇಶಕ್ಕೆ ಜಗತ್ತನ್ನು ತನ್ನ ಕಣ್ಣಿನಿಂದಲೇ ನೋಡಬಲ್ಲ ವಿದ್ವಾಂಸರು ಬೇಕಾಗುವರೆಂಬ ದೂರದೃಷ್ಟಿ ಅದರ ಹಿಂದಿತ್ತು. 1947ರ ಮಾರ್ಚ್–ಏಪ್ರಿಲ್‌ನಲ್ಲಿ ದೆಹಲಿಯ ಪುರಾನಾ ಕಿಲ್ಲಾದಲ್ಲಿ ನಡೆದ ಏಷ್ಯಾ ಬಾಂಧವ್ಯ ಸಮ್ಮೇಳನವನ್ನು ಏರ್ಪಡಿಸಿದುದು ಇದೇ ಸಂಸ್ಥೆ. ಸಪ್ರು ಅವರ ಬಳಿಕ ಕುಂಜ್ರು ಅವರೇ ಅದರ ಅಧ್ಯಕ್ಷರಾಗಿ ಮೂರು ದಶಕ ಅದನ್ನು ನಡೆಸಿದರು. 1955ರಲ್ಲಿ ಅದರ ಆಶ್ರಯದಲ್ಲಿ ಆರಂಭವಾದ ಇಂಡಿಯನ್ ಸ್ಕೂಲ್ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸ್ 1970ರಲ್ಲಿ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ ವಿಲೀನವಾಯಿತು.

ವಿದೇಶಗಳಲ್ಲಿ ನೆಲೆಸಿದ ಭಾರತೀಯರ ಹಕ್ಕುಗಳಿಗಾಗಿ ದುಡಿಯುವುದು ಗೋಖಲೆಯವರ ಕಾಲದಿಂದ ಅವರ ಸಂಸ್ಥೆಯ ಪರಂಪರೆ. 1950ರ ಫೆಬ್ರವರಿಯಲ್ಲಿ ಭಾರತದ ನಿಯೋಗದ ಮುಖ್ಯಸ್ಥರಾಗಿ ಕುಂಜ್ರು ಅವರು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ಗೆ ತೆರಳಿದರು. ಅಲ್ಲಿನ ಭಾರತೀಯರ ಸ್ಥಿತಿಗತಿಯ ಕುರಿತು ದುಂಡುಮೇಜಿನ ಪರಿಷತ್ತು ನಡೆಸಲು ಉಭಯ ಸರ್ಕಾರಗಳ ನಡುವೆ ಒಪ್ಪಿಗೆಯೂ ಆಯಿತು. ಆದರೆ ಕೆಲವೇ ತಿಂಗಳಲ್ಲಿ ಅಲ್ಲಿನ ಸರ್ಕಾರ ಜನಾಂಗಗಳಿಗೆ ಬೇರೆ ಬೇರೆ ವಾಸಪ್ರದೇಶಗಳನ್ನು ವಿಧಿಸುವ ಕಾಯಿದೆಯನ್ನು ತಂದುದರಿಂದ ಆ ಪರಿಷತ್ತು ನಡೆಯಲೇ ಇಲ್ಲ.

1952ರಿಂದ 1962ರವರೆಗೆ ಕುಂಜ್ರು ಅವರು ಉತ್ತರ ಪ್ರದೇಶದಿಂದ ಪಕ್ಷೇತರರಾಗಿ ರಾಜ್ಯಸಭೆಯಲ್ಲಿದ್ದರು. ವಿದೇಶಾಂಗ ಚರ್ಚೆಗಳಲ್ಲಿ ಸ್ವತಃ ವಿದೇಶಾಂಗ ಸಚಿವರೂ ಆಗಿದ್ದ ಪ್ರಧಾನಿ ನೆಹರು ಅವರ ಎದುರು ನಿಂತು ತಮ್ಮ ಭಿನ್ನಾಭಿಪ್ರಾಯವನ್ನು ಸೌಜನ್ಯದಿಂದಲೂ ನಿಷ್ಠುರವಾಗಿಯೂ ಹೇಳಿದವರಲ್ಲಿ ಅವರು ಅಗ್ರಗಣ್ಯರು. ಇಬ್ಬರೂ ಕಾಶ್ಮೀರಿ ಪಂಡಿತ ಮನೆತನದವರು, ಇಬ್ಬರಿಗೂ ಅಲಹಾಬಾದಿನ ನಂಟು. ಆ ಪರಿಚಯ ಪ್ರಶ್ನೆಯ ಮೊನೆಯನ್ನು ಮೊಂಡಾಗಿಸಲಿಲ್ಲ. 1956ರಲ್ಲಿ ಹಂಗೇರಿಗೆ ಸೋವಿಯತ್ ಸೇನೆ ನುಗ್ಗಿದಾಗ ವಿಶ್ವಸಂಸ್ಥೆಯಲ್ಲಿ ಭಾರತ ತಳೆದ ನಿಲುವನ್ನು ಅವರು ಟೀಕಿಸಿದರು. ಸೂಯೆಜ್ ಕಾಲುವೆಯ ವಿಷಯದಲ್ಲಿ ಬ್ರಿಟನ್ ಮತ್ತು ಫ್ರಾನ್ಸ್‌ಗಳನ್ನು ಖಂಡಿಸಿದ ಭಾರತ ಹಂಗೇರಿಯ ವಿಷಯದಲ್ಲಿ ತಡವರಿಸಿದರೆ ತಟಸ್ಥ ನೀತಿಯ ಬಗ್ಗೆ ಲೋಕಕ್ಕೆ ಅನುಮಾನ ಹುಟ್ಟುವುದೆಂಬುದು ಆ ಕಾಲದ ಟೀಕಾಕಾರರ ವಾದವಾಗಿತ್ತು.

ಚೀನಾ ಮತ್ತು ಟಿಬೆಟ್ ಕುರಿತ ಅವರ ಆತಂಕ ಇನ್ನೂ ಆಳವಾದುದು. ಟಿಬೆಟ್ಟಿನಲ್ಲಿ ಆಗುತ್ತಿರುವುದು ಭಾರತದ ಉತ್ತರದ ಗಡಿಯ ಭದ್ರತೆಗೆ ಸಂಬಂಧಿಸಿದ್ದೆಂದು ಅವರು ಕಂಡಿದ್ದರು. 1959ರಲ್ಲಿ ಲಡಾಖಿನ ಅಕ್ಸಾಯ್ ಚಿನ್ ಮೂಲಕ ಚೀನಾ ರಸ್ತೆ ಹಾಕಿರುವ ಸಂಗತಿ ಸಂಸತ್ತಿಗೆ ತಿಳಿದು, ಸರ್ಕಾರ ಶ್ವೇತಪತ್ರವನ್ನು ಹೊರಡಿಸಿದ ಬಳಿಕ ರಾಜ್ಯಸಭೆಯಲ್ಲಿ ಗಡಿಯ ರಕ್ಷಣೆಯ ಪ್ರಶ್ನೆ ಮತ್ತೆ ಮತ್ತೆ ಎದ್ದಿತು. ಸ್ನೇಹವನ್ನು ಬಯಸುವುದು ಸರಿ, ಆದರೆ ಸ್ನೇಹದ ಭರವಸೆಯಿಂದ ಸಿದ್ಧತೆಯನ್ನು ಮರೆಯಲಾಗದು ಎಂಬುದು ಸೈನ್ಯದ ಪ್ರಶ್ನೆಯನ್ನು ದಶಕಗಳಿಂದ ಅಭ್ಯಾಸ ಮಾಡಿದ್ದ ಅವರ ಧೋರಣೆ. 1962ರ ಏಪ್ರಿಲ್‌ನಲ್ಲಿ ಅವರ ಸದಸ್ಯತ್ವದ ಅವಧಿ ಮುಗಿಯಿತು. ಅದೇ ಅಕ್ಟೋಬರ್‌ನಲ್ಲಿ ಚೀನಾದ ಸೇನೆ ಗಡಿ ದಾಟಿತು.

ಗಡಿಗಳನ್ನು ಎಳೆದ ಆಯೋಗ

ರಾಜ್ಯ ಪುನರ್ವಿಂಗಡಣಾ ಆಯೋಗಕ್ಕೆ ಸರ್ಕಾರ ಕುಂಜ್ರು ಅವರನ್ನು ಆರಿಸಿದುದು 1953ರ ಡಿಸೆಂಬರ್‌ನಲ್ಲಿ. ಆಯೋಗದ ಮುಂದೆ ಬಂದ ಮನವಿ ಪತ್ರಗಳ ಸಂಖ್ಯೆ 1,52,250. ಮೂವರೂ 104 ಊರುಗಳಿಗೆ ಹೋಗಿ, 9,000ಕ್ಕೂ ಹೆಚ್ಚು ಜನರ ಮಾತನ್ನು ಕೇಳಿ, ಸುಮಾರು 38,000 ಮೈಲಿ ಸಂಚರಿಸಿದರು.

ವರದಿಯ ಮೂಲ ನಿಲುವು ಎರಡು ಅಂಚಿನದು. ಭಾಷೆ ರಾಜ್ಯರಚನೆಗೆ ಮುಖ್ಯ ಆಧಾರವೆಂದು ಅದು ಒಪ್ಪಿತು. ಆದರೆ ಒಂದು ಭಾಷೆಗೆ ಒಂದೇ ರಾಜ್ಯ ಎಂಬ ಸೂತ್ರವನ್ನು ನಿರಾಕರಿಸಿತು. ಒಂದು ರಾಜ್ಯ ಒಂದು ಭಾಷೆಯವರ ಸ್ವಂತ ಮನೆ, ಉಳಿದವರು ಅಲ್ಲಿ ಅತಿಥಿಗಳು ಎಂಬ ಭಾವನೆ ಸಂವಿಧಾನಕ್ಕೆ ವಿರುದ್ಧವೆಂದು ಆಯೋಗ ತಿಳಿಯಿತು. ದೇಶದ ಏಕತೆ, ಆಡಳಿತದ ಸೌಕರ್ಯ ಮತ್ತು ಆರ್ಥಿಕ ಸಾಮರ್ಥ್ಯಗಳನ್ನೂ ತೂಗಿ ನೋಡಬೇಕೆಂದಿತು. ಸಾಮಾನ್ಯವಾಗಿ ಜಿಲ್ಲೆಯನ್ನೇ ಘಟಕವಾಗಿ ಇಟ್ಟುಕೊಂಡಿತು.

ಕನ್ನಡಿಗರಿಗೆ ಈ ವರದಿಯಿಂದ ಬಂದುದು ದೊಡ್ಡದು. ಮೈಸೂರು, ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳು, ಹೈದರಾಬಾದಿನ ಕನ್ನಡ ಭಾಗ, ದಕ್ಷಿಣ ಕನ್ನಡ, ಕೊಡಗು ಮತ್ತು ಕೊಳ್ಳೇಗಾಲಗಳನ್ನು ಕೂಡಿಸಿ ಒಂದು ರಾಜ್ಯವಾಗಬೇಕೆಂದು ಅದು ಶಿಫಾರಸು ಮಾಡಿತು. ನೋವಿನ ಅಂಶಗಳೂ ಇದ್ದವು. ದಕ್ಷಿಣ ಕನ್ನಡದ ಕಾಸರಗೋಡು ತಾಲ್ಲೂಕನ್ನು ಕೇರಳಕ್ಕೆ ಸೇರಿಸಬೇಕೆಂದಿತು. ತುಂಗಭದ್ರಾ ಯೋಜನೆಯ ಕಾರಣದಿಂದ ಬಳ್ಳಾರಿ ಸುತ್ತಿನ ತಾಲ್ಲೂಕುಗಳು ಆಂಧ್ರಕ್ಕೆ ಹೋಗಬೇಕೆಂದಿತು. ಜನರ ತೀವ್ರ ವಿರೋಧದಿಂದ ಬಳ್ಳಾರಿ ಉಳಿಯಿತು; ಕಾಸರಗೋಡು ಉಳಿಯಲಿಲ್ಲ. ಅಲ್ಲಿನ ಕನ್ನಡಿಗರು ವರ್ಷಗಟ್ಟಲೆ ಹೋರಾಡಿದರು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ನದಿಯ ಉತ್ತರದ ಭಾಗವನ್ನು ಮೈಸೂರಿಗೆ ಸೇರಿಸಬೇಕೆಂದು ಹೇಳಿದರೂ ಅದು ಜಾರಿಗೆ ಬರಲಿಲ್ಲ. ಈ ಕೊರಗಿನಲ್ಲಿ ಕುಂಜ್ರು ಅವರ ಪಾಲೂ ಇದೆಯೆಂಬುದನ್ನು ಮರೆಮಾಚಬೇಕಾಗಿಲ್ಲ. ಮೂವರೂ ಸಹಿ ಹಾಕಿದ ವರದಿಯ ಈ ಭಾಗಕ್ಕೆ ಅವರ ಭಿನ್ನಮತವಿರಲಿಲ್ಲ. ಹಾಗೆಯೇ, ಉತ್ತರ ಪ್ರದೇಶ ತೀರ ದೊಡ್ಡದಾದ್ದರಿಂದ ಅದನ್ನು ಒಡೆಯಬೇಕೆಂದು ಪಣಿಕ್ಕರ್ ಅವರು ಪ್ರತ್ಯೇಕ ಟಿಪ್ಪಣಿ ಬರೆದಾಗಲೂ ಕುಂಜ್ರು ಅವರು ಅದನ್ನು ಸೇರಲಿಲ್ಲ. ಅವರ ತವರು ರಾಜ್ಯ ಅಖಂಡವಾಗಿಯೇ ಉಳಿಯಿತು.

ಆದರೆ ಗೆರೆ ಎಲ್ಲಿ ಎಳೆದರೂ ಆಚೆ ಕೆಲವರು ಉಳಿದೇ ಉಳಿಯುವರೆಂಬ ಸತ್ಯವನ್ನು ಆಯೋಗ ಬಲ್ಲದಾಗಿತ್ತು. ಆದ್ದರಿಂದ ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿಯೇ ವರದಿಯಲ್ಲಿ ಪ್ರತ್ಯೇಕ ಅಧ್ಯಾಯವಿದೆ. ಸಾಕಷ್ಟು ಮಕ್ಕಳಿರುವ ಕಡೆ ಪ್ರಾಥಮಿಕ ಹಂತದ ಶಿಕ್ಷಣ ಮಾತೃಭಾಷೆಯಲ್ಲಿ ದೊರೆಯುವ ಹಕ್ಕಿಗೆ ಸಂವಿಧಾನದ ಮಾನ್ಯತೆ ಬೇಕೆಂದು ಅದು ಹೇಳಿತು. ಜಿಲ್ಲೆಯೊಂದರಲ್ಲಿ ಶೇಕಡಾ 30ರಷ್ಟು ಅಲ್ಪಸಂಖ್ಯಾತರಿದ್ದರೆ ಆಡಳಿತ ದ್ವಿಭಾಷೆಯಲ್ಲಿ ನಡೆಯಬೇಕೆಂದು ಸೂಚಿಸಿತು. ಈ ರಕ್ಷಣೆಗಳ ಮೇಲ್ವಿಚಾರಣೆಯನ್ನು ರಾಜ್ಯಪಾಲರಿಗೆ ವಹಿಸಬೇಕೆಂಬುದು ಆಯೋಗದ ಸಲಹೆಯಾಗಿತ್ತು. ಸಂಸತ್ತು ಬೇರೆ ಮಾರ್ಗ ಹಿಡಿದು, 1956ರ ಏಳನೆಯ ತಿದ್ದುಪಡಿಯ ಮೂಲಕ ಎರಡು ವಿಧಿಗಳನ್ನು ಸಂವಿಧಾನಕ್ಕೆ ಸೇರಿಸಿತು. 350ಎ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕು. 350ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರ ಆಯುಕ್ತರು ನೇಮಕಗೊಂಡು ರಾಷ್ಟ್ರಪತಿಗಳಿಗೆ ವರದಿ ಸಲ್ಲಿಸಬೇಕು. ಆ ಆಯುಕ್ತರ ಕೇಂದ್ರ ಕಚೇರಿ ಬಹುಕಾಲ ಅಲಹಾಬಾದಿನಲ್ಲಿಯೇ ಇದ್ದಿತು.

ಶಾಲೆಯಲ್ಲಿ ಒಟ್ಟು 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಒಂದು ಮಾತೃಭಾಷೆಯವರಿದ್ದರೆ ಆ ಭಾಷೆಯ ಶಿಕ್ಷಕರನ್ನು ಒದಗಿಸಬೇಕೆಂದು 1949ರಲ್ಲಿಯೇ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನ ನಿರ್ಣಯಿಸಿತ್ತು. 1956ರಲ್ಲಿ ಕೇಂದ್ರ ಸರ್ಕಾರ ಭಾಷಾ ಅಲ್ಪಸಂಖ್ಯಾತರ ರಕ್ಷಣೆಯ ಕುರಿತು ಹೊರಡಿಸಿದ ಜ್ಞಾಪನ ಪತ್ರದಲ್ಲಿ ಇದಕ್ಕೆ ಮತ್ತೆ ಒತ್ತು ದೊರೆಯಿತು. ಗಡಿಯಾಚೆ ಇಂದು ಎಲ್ಲಿ ಕನ್ನಡ ಶಾಲೆ ನಡೆಯುತ್ತಿದ್ದರೂ ಅದರ ಅಡಿಪಾಯದಲ್ಲಿ ಈ ವಿಧಿ ಮತ್ತು ಈ ನಿಯಮಗಳಿವೆ.

ಪದವಿ ಬೇಡವೆಂದ ಹಿರಿಯರು

ರಾಜ್ಯಸಭೆಯಿಂದ ನಿವೃತ್ತರಾದ ವರ್ಷವೇ ಸರ್ಕಾರ ಅವರನ್ನು ರೈಲ್ವೆ ಅಪಘಾತಗಳ ತನಿಖಾ ಸಮಿತಿಯ ಅಧ್ಯಕ್ಷರನ್ನಾಗಿ ನೇಮಿಸಿತು. ಎಪ್ಪತ್ತೈದರ ವಯಸ್ಸಿನಲ್ಲಿ ಹಳಿ, ಸಿಗ್ನಲ್, ಸಿಬ್ಬಂದಿಯ ದುಡಿಮೆಯ ಸ್ಥಿತಿಗಳ ವಿವರಗಳನ್ನು ಅವರು ಪರಿಶೀಲಿಸಲು ಕುಳಿತರು.

1968ರಲ್ಲಿ ಅವರಿಗೆ ಭಾರತರತ್ನವನ್ನು ಕೊಡಲು ಸರ್ಕಾರ ಮುಂದಾಯಿತು. ಕುಂಜ್ರು ಅವರು ಅದನ್ನು ವಿನಯದಿಂದ ನಿರಾಕರಿಸಿದರು. ಗಣರಾಜ್ಯದಲ್ಲಿ ಸರ್ಕಾರ ಇಂಥ ಬಿರುದುಗಳನ್ನು ಕೊಡಬಾರದೆಂದು ಸಂವಿಧಾನ ಸಭೆಯ ಕಾಲದಲ್ಲಿ ತಾವೇ ವಾದಿಸಿದ್ದರಿಂದ ಈಗ ಅದನ್ನು ಸ್ವೀಕರಿಸುವುದು ಸಲ್ಲದೆಂಬುದು ಅವರ ಕಾರಣ. ಇತರರಿಗೆ ಹೇಳಿದ ನಿಯಮ ತಮಗೂ ಅನ್ವಯಿಸುವುದೆಂದು ಅವರು ಬಗೆದರು.

1978ರ ಏಪ್ರಿಲ್ 3ರಂದು ಪಂಡಿತ ಕುಂಜ್ರು ಅವರು ಕಾಲವಶರಾದರು. 1987ರಲ್ಲಿ, ಅವರ ಜನ್ಮ ಶತಮಾನೋತ್ಸವದ ವರ್ಷ, ಅಂಚೆ ಇಲಾಖೆ ಅವರ ಸ್ಮರಣೆಗಾಗಿ ಅಂಚೆಚೀಟಿಯೊಂದನ್ನು ಹೊರತಂದಿತು.

ಸಂಖ್ಯೆಯ ಬಲವಿಲ್ಲದವರು ಸಭೆಯಲ್ಲಿ ಏನು ಮಾಡಬಲ್ಲರೆಂಬುದಕ್ಕೆ ಅವರ ಬಾಳು ಉತ್ತರವಾಗಿದೆ. ಅವರು ಎತ್ತಿದ ಆಕ್ಷೇಪಗಳಲ್ಲಿ ಹಲವು ಅಂದು ಸೋತವು. ಆದರೆ ದಾಖಲೆಯಲ್ಲಿ ಉಳಿದವು, ದಶಕಗಳ ಬಳಿಕ ನ್ಯಾಯಾಲಯಗಳಿಗೂ ಸಾರ್ವಜನಿಕರಿಗೂ ಒದಗಿ ಬಂದವು. ಗಡಿನಾಡಿನ ಕುಟುಂಬಗಳ ಪಾಲಿಗೆ ಬಂದ ರಕ್ಷಣೆಯೂ ಅಂಥದ್ದೇ. 350ಎ ವಿಧಿ ರಾಜ್ಯವನ್ನು ಪ್ರಯತ್ನಿಸೆಂದು ವಿಧಿಸುತ್ತದೆ. ಮಕ್ಕಳನ್ನು ಕನ್ನಡ ತರಗತಿಗೆ ಕಳುಹಿಸಿ ಶಿಕ್ಷಕರನ್ನು ಕೇಳಬೇಕಾದವರು ತಂದೆ ತಾಯಂದಿರು. ನಾಲ್ಕೈದು ಮನೆಗಳವರು ಕೂಡಿ ಹತ್ತು ಮಕ್ಕಳ ಹೆಸರನ್ನು ಬರೆದು ಅರ್ಜಿ ಕೊಟ್ಟರೆ ಅದಕ್ಕೊಂದು ಬೆಲೆಯಿದೆ. ಕೊಡದೆ ಸುಮ್ಮನಿದ್ದರೆ ತರಗತಿ ಮುಚ್ಚುವುದು, ಮುಚ್ಚಿದ ತರಗತಿ ಮತ್ತೆ ತೆರೆಯುವುದು ಕಷ್ಟ. ಮಲಯಾಳ, ಮರಾಠಿ, ತಮಿಳು, ತೆಲುಗುಗಳನ್ನು ಪ್ರೀತಿಯಿಂದ ಕಲಿತು, ಮನೆಮಾತನ್ನೂ ಅಕ್ಷರದಲ್ಲಿ ಉಳಿಸಿಕೊಳ್ಳುವ ಅವಕಾಶವನ್ನು ಸಂವಿಧಾನ ಕೊಟ್ಟಿದೆ. ಆ ಅವಕಾಶವನ್ನು ಕೇಳಿ ಪಡೆಯುವ ಕೆಲಸ ನಮ್ಮೆಲ್ಲರದು.